ಸಹಾಯ ಬೇಕು: ಅಪ್ಪನ ಔಷಧದ ಚೀಟಿ ಓದಿಕೊಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಪ್ಪನಿಗೆ ಲಿವರ್ ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಡುಸಾಗುವ ಕಾಯಿಲೆ. ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆಯಲ್ಲಿದ್ದವರು ಮೊನ್ನೆ ಮನೆಗೆ ಬಂದರು. ಔಷಧದ ಸೂಚನೆಗಳೆಲ್ಲ ಮಲಯಾಳದ ಕೈಬರಹದಲ್ಲಿವೆ. ನಾನು ಕನ್ನಡ ಶಾಲೆಯಲ್ಲಿ ಕಲಿತವಳು. ಮಲಯಾಳ ಮಾತು ಅರ್ಥವಾಗುತ್ತದೆ, ಅಕ್ಷರ ಬಿಡಿಸಲಾಗುತ್ತಿಲ್ಲ.

ಲ್ಯಾಕ್ಟುಲೋಸ್ ಸಿರಪ್ಪಿನ ವಿಷಯ ವೈದ್ಯರು ಬಾಯಲ್ಲೇ ಹೇಳಿದ್ದಾರೆ: ದಿನಕ್ಕೆ ಎರಡು ಮೂರು ಸಲ ಮಲ ಮೆತ್ತಗೆ ಹೋಗಬೇಕು, ಭೇದಿಯಾದರೂ ಮಲಬದ್ಧತೆಯಾದರೂ ತಿಳಿಸಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಲೆಕ್ಕವಿಡುತ್ತಿದ್ದೇನೆ.

ನನ್ನ ಗಾಬರಿಯೆಲ್ಲ ಸ್ಪೈರನೊಲ್ಯಾಕ್ಟೋನ್ ಮಾತ್ರೆಯದು. ಅದು ನೀರಿಳಿಸುತ್ತದೆ, ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು. ಎಳನೀರಿನಲ್ಲೂ ಪೊಟ್ಯಾಸಿಯಂ ಹೇರಳ. ನಮ್ಮದು ತೋಟದ ಮನೆ. ನೋಡಲು ಬಂದವರೆಲ್ಲ ತಂಪೆಂದು ಬೊಂಡ ಕೆತ್ತಿ ಅಪ್ಪನ ಕೈಗಿಡುತ್ತಾರೆ. ಬೇಡವೆಂದು ತೆಗೆದುಕೊಂಡರೆ ಅವರ ಮುಖ ಬಾಡುತ್ತದೆ.

ಮಲಯಾಳ ಓದಬಲ್ಲ ನರ್ಸ್ ಅಥವಾ ಫಾರ್ಮಸಿಸ್ಟ್ ಇದ್ದರೆ ಚೀಟಿಯ ಫೋಟೋ ಖಾಸಗಿಯಾಗಿ ಕಳುಹಿಸುತ್ತೇನೆ. ಬದಿಯಡ್ಕ ಕಡೆಯಿಂದ ಮನೆಗೇ ಬಂದು ರಕ್ತದ ಮಾದರಿ ಒಯ್ಯುವವರಿದ್ದರೂ ತಿಳಿಸಿ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆಯೆಂದು ತಿಳಿಸುವ ಪರೀಕ್ಷೆ) ನೋಡಿಸಬೇಕಿದೆ.

ಔಷಧದ ಪ್ರಮಾಣವನ್ನು ವೈದ್ಯರನ್ನು ಕೇಳದೆ ಬದಲಿಸುವುದಿಲ್ಲ. ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಆದರೂ ಅಮೃತಬಳ್ಳಿ, ಕಷಾಯ, ನೋವಿನ ಮಾತ್ರೆ ಯಾವುದನ್ನೂ ಸೂಚಿಸಬೇಡಿ.