ಅಮೆರಿಕದ ಡಿಸ್ಕ್ ನಮ್ಮ ಪಿಎಸ್2ನಲ್ಲಿ ಯಾಕೆ ಓಡಲ್ಲ? ಗೇಮ್ ಕನ್ಸೋಲ್ ರಿಪೇರಿ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗದಿಂದ): ನಮಸ್ಕಾರ ಸರ್. ನಮ್ಮ ಭಾವ ನ್ಯೂಜೆರ್ಸಿಯಲ್ಲಿದ್ದಾರೆ. ಈ ಸಲ ಊರಿಗೆ ಬಂದಾಗ ಅಲ್ಲಿ ಕೊಂಡಿದ್ದ 11 ಪಿಎಸ್2 (ಪ್ಲೇಸ್ಟೇಷನ್ 2) ಡಿಸ್ಕ್ ನನಗೆ ಕೊಟ್ಟು ಹೋದರು. ನನ್ನ ಪಿಎಸ್2 ಹಿಂದೆ ದುಬೈನಿಂದ ತರಿಸಿದ್ದು. ಈ ಹನ್ನೊಂದರಲ್ಲಿ ಒಂದೂ ಓಡುತ್ತಿಲ್ಲ. ಕೆಂಪು ಪರದೆ ಬಂದು ಪ್ಲೇಸ್ಟೇಷನ್ ಡಿಸ್ಕ್ ಹಾಕಿ ಅನ್ನುತ್ತದೆ. ಹಾಕಿರೋದೇ ಅದು ಅಲ್ವಾ? ಅವರೇ ತಂದ ಪಿಎಸ್5 ಡಿಸ್ಕ್ ಮಾತ್ರ ಅಣ್ಣನ ಮಗನ ಮೆಷಿನ್‌ನಲ್ಲಿ ಸಲೀಸಾಗಿ ಓಡಿತು. ನನ್ನದರ ಲೆನ್ಸ್ ಹೋಗಿದೆಯಾ? ಇನ್ನೊಂದು ವಿಷಯ, ಡಿಸ್ಕ್‌ಗಳಿಗೆ ಗೀರು ಬಿದ್ದಿವೆ. ಕಾಪಿ ಮಾಡಿ ಇಟ್ಟುಕೊಂಡರೆ ಅಪರಾಧವಾಗುತ್ತದಾ?

ಉತ್ತರ: ನಮಸ್ಕಾರ ಸರ್. ನಿಮ್ಮ ಹಳೆಯ ಡಿಸ್ಕ್‌ಗಳು ಓಡುತ್ತಿದ್ದರೆ ಲೆನ್ಸ್‌ನದ್ದು ತಪ್ಪಿಲ್ಲ. ಸುಮ್ನೆ ಬಿಚ್ಚಿಸಲು ಹೋಗಬೇಡಿ. ಮೆಷಿನ್ನಿನ ಸ್ಟಿಕ್ಕರ್ ಮೇಲೆ ಎಸ್‌ಸಿಪಿಎಚ್ ಅಂತ ಶುರುವಾಗುವ ಮಾಡೆಲ್ ನಂಬರ್ ಇರುತ್ತದೆ. ಅದರ ಕೊನೆಯ ಅಂಕಿ ನೋಡಿ. 0 ಇದ್ದರೆ ಜಪಾನ್, 1 ಇದ್ದರೆ ಅಮೆರಿಕ, 4 ಇದ್ದರೆ ಯುರೋಪ್. ಆಮೇಲೆ ಡಿಸ್ಕ್ ಮೇಲಿನ ಕೋಡ್ ನೋಡಿ. ಅಮೆರಿಕದ್ದರಲ್ಲಿ ಸಾಮಾನ್ಯವಾಗಿ ಎಸ್‌ಎಲ್‌ಯುಎಸ್ ಅಂತ, ಯುರೋಪಿನದ್ದರಲ್ಲಿ ಎಸ್‌ಎಲ್‌ಇಎಸ್ ಅಂತ ಇರುತ್ತದೆ. ದುಬೈಗೂ ನಮ್ಮ ದೇಶಕ್ಕೂ ಬರುತ್ತಿದ್ದುದು ಪಾಲ್ ಗುಂಪಿನ ಮಾಲು, ಅಂದರೆ ಯುರೋಪಿನ ಟಿವಿ ಪದ್ಧತಿಯದ್ದು. ಮೆಷಿನ್ನಿನ ದೇಶ, ಡಿಸ್ಕ್‌ನ ದೇಶ ಎರಡೂ ತಾಳೆಯಾಗದಿದ್ದರೆ ಆ ಕೆಂಪು ಪರದೆ ಬರುತ್ತದೆ. ಅಸಲಿ ಡಿಸ್ಕನ್ನೂ ಅದು ಪ್ಲೇಸ್ಟೇಷನ್ ಡಿಸ್ಕೇ ಅಲ್ಲ ಅನ್ನುವುದರಿಂದ ಜನ ಲೆನ್ಸ್ ಬದಲಾಯಿಸಿ ದುಡ್ಡು ಕಳೆದುಕೊಳ್ಳುತ್ತಾರೆ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ನಿಮ್ಮ ಕಾಪಿಯ ಪ್ರಶ್ನೆಗೂ ಉತ್ತರ ಸಿಗುತ್ತದೆ. 1994ರಲ್ಲಿ ಬಂದ ಮೊದಲ ಪ್ಲೇಸ್ಟೇಷನ್ ತಗೊಳ್ಳಿ. ಅದರ ಡಿಸ್ಕ್‌ನ ಒಳ ಅಂಚಿನಲ್ಲಿ ಲೇಸರ್ ಓಡುವ ಸಾಲು ನೆಟ್ಟಗಿರುವುದಿಲ್ಲ. ನೇಗಿಲು ಹಿಡಿದ ಕೈ ಅಲ್ಲಾಡಿದರೆ ಹೊಲದ ಸಾಲು ಡೊಂಕಾಗುತ್ತದಲ್ಲ, ಹಾಗೆ. ಆ ಡೊಂಕಿನಲ್ಲೇ ನಾಲ್ಕು ಅಕ್ಷರ ಅಡಗಿರುತ್ತವೆ. ಜಪಾನಿಗೆ ಎಸ್‌ಸಿಇಐ, ಅಮೆರಿಕಕ್ಕೆ ಎಸ್‌ಸಿಇಎ, ಯುರೋಪಿಗೆ ಎಸ್‌ಸಿಇಇ. ಮೆಷಿನ್ ಮೊದಲು ಇದನ್ನು ಓದುತ್ತದೆ. ತನ್ನ ಅಕ್ಷರ ಸಿಕ್ಕರೆ ಮಾತ್ರ ಗೇಮ್ ಶುರು ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಖಾಲಿ ಸಿಡಿಯಲ್ಲಿ ಸಾಲು ಕಾರ್ಖಾನೆಯಲ್ಲೇ ಉತ್ತಾಗಿರುತ್ತದೆ. ನಮ್ಮ ಸಿಡಿ ರೈಟರ್ ಅದರಲ್ಲಿ ಬೀಜ ಬಿತ್ತಬಹುದು, ಸಾಲು ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಒಂದೇ ಬೀಗ ಎರಡು ಕೆಲಸ ಮಾಡಿತು. ಬೇರೆ ದೇಶದ ಅಸಲಿ ಡಿಸ್ಕನ್ನೂ ತಡೆಯಿತು, ಮನೆಯಲ್ಲಿ ಮಾಡಿದ ಕಾಪಿಯನ್ನೂ ತಡೆಯಿತು. ಡಿಸ್ಕ್‌ನ ಹಿಂಭಾಗದ ಕಪ್ಪು ಬಣ್ಣವೇ ಬೀಗ ಅಂತ ಆಗ ಎಲ್ಲರೂ ನಂಬಿದ್ದರು. ಆ ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಪಿಎಸ್2ನಲ್ಲೂ ಡಿಸ್ಕ್ ಅಸಲಿಯೇ, ಯಾವ ದೇಶದ್ದು ಅನ್ನುವ ಎರಡೂ ತಪಾಸಣೆ ಇವೆ.

ಈಗ ಕಾಪಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52 ಇಲ್ಲಿ ನಿಮ್ಮ ಪರವಾಗಿದೆ. ಕಂಪ್ಯೂಟರ್ ಪ್ರೋಗ್ರಾಮನ್ನು ನ್ಯಾಯವಾಗಿ ಹೊಂದಿರುವವರು, ಅದು ಕಳೆದುಹೋದರೆ ಅಥವಾ ಹಾಳಾದರೆ ಇರಲಿ ಅಂತ ಬ್ಯಾಕಪ್ ಕಾಪಿ ಮಾಡಿಕೊಳ್ಳಬಹುದು. ಅದರಲ್ಲಿ ವಿಡಿಯೋ ಗೇಮ್ ಅನ್ನುವ ಪದ ಇಲ್ಲ, ಪ್ರೋಗ್ರಾಂ ಅಂತಿದೆ. ಆ ಕಾಪಿ ನಿಮ್ಮ ಡಿಸ್ಕ್‌ಗೆ ಬದಲಿ, ಅಷ್ಟೇ. ಡಿಸ್ಕ್ ಮಾರಿ ಕಾಪಿ ಇಟ್ಟುಕೊಳ್ಳುವುದು, ಗೆಳೆಯರಿಗೆ ಹಂಚುವುದು ಇದರಲ್ಲಿ ಬರುವುದಿಲ್ಲ.

ಪಿಎಸ್2 ಡಿಸ್ಕನ್ನು ಕಂಪ್ಯೂಟರಿನ ಮಾಮೂಲಿ ಡಿವಿಡಿ ಡ್ರೈವ್ ಓದುತ್ತದೆ. ಡಿಸ್ಕ್‌ನಲ್ಲಿರುವುದನ್ನೆಲ್ಲ ಒಂದೇ ಫೈಲ್ ಮಾಡಿ (ಇದಕ್ಕೆ ಇಮೇಜ್ ಅನ್ನುತ್ತಾರೆ) ಹಾರ್ಡ್ ಡಿಸ್ಕ್‌ನಲ್ಲಿ ಇಡಬಹುದು. ಅದಕ್ಕೆ ಯಾವ ಬೀಗವನ್ನೂ ಒಡೆಯಬೇಕಾಗಿಲ್ಲ. ಆದರೆ ಅದನ್ನೇ ಖಾಲಿ ಡಿವಿಡಿಗೆ ಬರೆದು ನಿಮ್ಮ ಮೆಷಿನ್‌ಗೆ ಹಾಕಿದರೆ ಮತ್ತೆ ಅದೇ ಕೆಂಪು ಪರದೆ. ಕಾನೂನು ಬ್ಯಾಕಪ್ ಮಾಡಿಕೋ ಅನ್ನುತ್ತದೆ, ಮೆಷಿನ್ ಅದನ್ನು ಒಪ್ಪುವುದಿಲ್ಲ. ಎಷ್ಟೋ ವರ್ಷದಿಂದ ನನಗೆ ಬೇಸರ ತರಿಸಿರುವ ವಿಷಯ ಇದು.

ಪಿಎಸ್5 ಡಿಸ್ಕ್ ಓಡಿದ್ದು ಯಾಕೆ ಅಂದರೆ ಪಿಎಸ್4, ಪಿಎಸ್5 ಗೇಮ್ ಡಿಸ್ಕ್‌ಗಳಿಗೆ ದೇಶದ ಬೀಗ ಇಲ್ಲ. ಆದರೆ ಭಾವ ಸಿನಿಮಾ ಬ್ಲೂ-ರೇ ತಂದರೆ ಜೋಪಾನ. ಸಿನಿಮಾಗೆ ಅಮೆರಿಕ ಎ ವಲಯ, ನಾವು ಸಿ.

ಅವರೇ: ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಅಮೆರಿಕದ ಹಳೆ ಪಿಎಸ್2 ಒಂದನ್ನು ತರಿಸಿಕೊಂಡರೆ ಸಾಕಲ್ವಾ?

ಉತ್ತರ: ಅದೇ ನೇರ ದಾರಿ. ಆದರೆ ಅಲ್ಲಿಯ ಮೆಷಿನ್ ಸಾಮಾನ್ಯವಾಗಿ 120 ವೋಲ್ಟ್‌ನದ್ದು. ನೇರವಾಗಿ ನಮ್ಮ 230 ವೋಲ್ಟ್ ಪ್ಲಗ್‌ಗೆ ಹಾಕಿದರೆ ಪವರ್ ಸಪ್ಲೈ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೊದಲು ಕೊಳ್ಳಿ, ಮೆಷಿನ್ ಆಮೇಲೆ. ಇನ್ನು, ಹಳೆ ಡಬ್ಬಾ ಟಿವಿ ಪಾಲ್ ಮಾತ್ರ ಹಿಡಿಯುವಂಥದ್ದಾದರೆ ಚಿತ್ರ ಕಪ್ಪುಬಿಳುಪಾಗಿ ಬರುತ್ತದೆ. ಈಗಿನ ಟಿವಿಗಳಲ್ಲಿ ಸಾಮಾನ್ಯವಾಗಿ ಆ ತೊಂದರೆ ಇಲ್ಲ.

ಇಮೇಜ್ ಮಾಡುವ ಮೊದಲು ಪ್ರತಿ ಡಿಸ್ಕನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಅಡಿಭಾಗ ನೀಲಿ ಇರುವುದು ಸಿಡಿ, ಬೆಳ್ಳಿ ಬಣ್ಣದ್ದು ಡಿವಿಡಿ. ಸಿಡಿಯಲ್ಲಿ ಮಾಹಿತಿಯ ಪದರ ಲೇಬಲ್‌ನ ಕೆಳಗೇ ಇರುತ್ತದೆ. ಹಾಗಾಗಿ ಹೆಸರು ಅಚ್ಚಾದ ಬದಿಯ ಗೀರೇ ಹೆಚ್ಚು ಅಪಾಯ. ಸೂಜಿಯ ಮೊನೆಯಷ್ಟು ಬೆಳಕು ತೂರಿ ಬಂತು ಅಂದರೆ ಅಲ್ಲಿಯ ಮಾಹಿತಿ ಹೋಗಿದೆ, ಯಾವ ಪಾಲಿಶ್‌ನಿಂದಲೂ ವಾಪಸ್ ಬರುವುದಿಲ್ಲ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುತ್ತದೆ, ಸ್ವಲ್ಪ ಗಟ್ಟಿ.

ಪ್ರಶ್ನೆ (ದಾವಣಗೆರೆಯಿಂದ): ಅಣ್ಣ, ಇಷ್ಟೆಲ್ಲ ಯಾಕೆ? ಚಿಪ್ ಹಾಕಿಸಿದರೆ ಆಯ್ತಲ್ಲ. ಮೊದಲು ಮಾರ್ಕೆಟ್‌ನಲ್ಲಿ ಎಲ್ಲರೂ ಹಾಕಿಸುತ್ತಿದ್ದರು. ನೀವು ಹಾಕಿಕೊಡ್ತೀರಾ?

ಉತ್ತರ: ಹೌದಪ್ಪ, ಹಾಕಿಸುತ್ತಿದ್ದರು. ಬೆಂಗಳೂರಿನಲ್ಲಿ ನ್ಯಾಷನಲ್ ಮಾರ್ಕೆಟ್‌ಗೆ ಹೋದವರಿಗೆಲ್ಲ ಗೊತ್ತು. ಮೊದಲ ಪ್ಲೇಸ್ಟೇಷನ್‌ನಲ್ಲಿ ಚಿಪ್ ಮಾಡುತ್ತಿದ್ದುದು ಇಷ್ಟೇ: ಆ ನಾಲ್ಕು ಅಕ್ಷರ ಡಿಸ್ಕ್‌ನಿಂದ ಬರುವ ಬದಲು ತಾನೇ ಕಳಿಸುವುದು. ಆಮೇಲೆ ಅಸಲಿ ಯಾವುದು, ನಕಲಿ ಯಾವುದು ಅಂತ ಮೆಷಿನ್‌ಗೆ ಗೊತ್ತಾಗುವುದಿಲ್ಲ.

ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ಹೊರದೇಶದಲ್ಲಿ ಕೊಂಡ ಅಸಲಿ ಡಿಸ್ಕ್ ತಂದು ನನ್ನ ಮುಂದೆ ಇಟ್ಟರೆ, ಅದು ಓಡುವಂತೆ ಮಾಡಿಕೊಡುತ್ತೇನೆ. 20 ರೂಪಾಯಿಯ ನಕಲಿ ಡಿಸ್ಕ್ ಓಡಿಸಲು ಮಾಡಿಕೊಡುವುದಿಲ್ಲ. ಕಾಯ್ದೆಗೆ 2012ರಲ್ಲಿ ಸೆಕ್ಷನ್ 65ಎ ಸೇರಿಸಿದ್ದಾರೆ. ಹಕ್ಕು ಕದಿಯುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಆ ಉದ್ದೇಶ ಅನ್ನುವ ಮಾತು ಮುಖ್ಯ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಬೀಗ ತೆಗೆದರೆ ಅದು ಈ ಸೆಕ್ಷನ್‌ಗೆ ಬರುವುದಿಲ್ಲ. ಆದರೆ ಬೇರೆಯವರಿಗೆ ತೆಗೆದುಕೊಡುವವನು ಅವರ ಹೆಸರು, ವಿಳಾಸ, ಯಾವ ಕಾರಣಕ್ಕೆ ಅನ್ನುವುದನ್ನು ಬರೆದಿಡಬೇಕು. ನನ್ನ ಬೆಂಚಿನ ಮೇಲೆ ಸೋಲ್ಡರಿಂಗ್ ಸ್ಟ್ಯಾಂಡ್ ಪಕ್ಕ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಡಿಸ್ಕ್‌ನ ಕೋಡ್ ಸಮೇತ ಅದರಲ್ಲಿ ಬರೆಯುತ್ತೇನೆ. ಬರೆಸಲು ಒಪ್ಪದವರ ಕೆಲಸ ನಾನು ತಗೊಳ್ಳುವುದಿಲ್ಲ. ಇನ್ನು ಸೆಕ್ಷನ್ 63ಬಿ ಪ್ರಕಾರ, ಕದ್ದ ಪ್ರೋಗ್ರಾಂ ಅಂತ ಗೊತ್ತಿದ್ದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ.

ಆಸ್ಟ್ರೇಲಿಯಾದಲ್ಲಿ ಇದೇ ಚಿಪ್ ವಿಷಯ ಅಲ್ಲಿನ ಹೈಕೋರ್ಟ್‌ವರೆಗೆ ಹೋಗಿತ್ತು. ಅಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಕೋರ್ಟು. 2005ರಲ್ಲಿ ತೀರ್ಪು ಬಂತು. ಪ್ಲೇಸ್ಟೇಷನ್‌ನ ಬೀಗ ಕಾಪಿ ಮಾಡುವುದನ್ನು ತಡೆಯುವುದಿಲ್ಲ, ಮಾಡಿದ ಮೇಲೆ ಓಡಿಸುವುದನ್ನು ಮಾತ್ರ ತಡೆಯುತ್ತದೆ, ಹಾಗಾಗಿ ಅದು ಕಾನೂನು ಹೇಳುವ ರಕ್ಷಣೆ ಅಲ್ಲ ಅಂದರು. ಮರುವರ್ಷ ಕಾನೂನು ಬಿಗಿ ಮಾಡಿದರು. ಆಗಲೂ, ಹೊರದೇಶದಲ್ಲಿ ಕೊಂಡ ಅಸಲಿ ಗೇಮ್ ಅಲ್ಲಿ ಓಡದಂತೆ ತಡೆಯುವ ದೇಶದ ಬೀಗಕ್ಕೆ ರಕ್ಷಣೆ ಕೊಡಲಿಲ್ಲ. ನನ್ನ ಪ್ರಕಾರ ಅದು ನ್ಯಾಯ. ಕಳ್ಳತನ ತಡೆಯುವುದು ಒಂದು, ಕಾಸು ಕೊಟ್ಟು ಕೊಂಡವನನ್ನು ತಡೆಯುವುದು ಇನ್ನೊಂದು.

ಪ್ರಶ್ನೆ (ಮೈಸೂರಿನಿಂದ): ಸರ್, ನನ್ನ ಮಗನಿಗೆ ನಿಂಟೆಂಡೊ ಸ್ವಿಚ್ ಗೇಮ್ ಮೆಷಿನ್ ಇದೆ. ನಮ್ಮ ತಂಗಿ ಟೋಕಿಯೋದಿಂದ ಗೇಮ್ ತರುತ್ತೇನೆ ಅನ್ನುತ್ತಿದ್ದಾಳೆ. ಓಡುತ್ತದಾ? ಹೊಸ ಸ್ವಿಚ್ 2 ಕೂಡ ಅಲ್ಲಿ ಅಗ್ಗವಂತೆ.

ಉತ್ತರ: ಗೇಮ್ ಓಡುತ್ತದೆ ಮೇಡಂ. ನಿಂಟೆಂಡೊ 3ಡಿಎಸ್‌ನಲ್ಲಿ ದೇಶದ ಬೀಗ ಇತ್ತು. 2017ರ ಸ್ವಿಚ್‌ನಲ್ಲಿ ಅದನ್ನು ಬಿಟ್ಟರು. ಆ ಗೇಮ್‌ನಲ್ಲಿ ಇಂಗ್ಲಿಷ್ ಇದೆಯಾ ಅಂತ ಮಾತ್ರ ತಂಗಿಗೆ ಕೇಳಿ. ಮುಂದೆ ಅದಕ್ಕೆ ಹೆಚ್ಚುವರಿ ಭಾಗ ಕೊಳ್ಳುವುದಾದರೆ ಅದೂ ಜಪಾನಿನ ಸ್ಟೋರ್‌ನದ್ದೇ ಆಗಬೇಕು.

ಸ್ವಿಚ್ 2 ವಿಷಯದಲ್ಲಿ ಆತುರ ಬೇಡ. ಜಪಾನಿನಲ್ಲಿ ಅದು ಎರಡು ಬಗೆ. 2025ರಲ್ಲಿ ಬಿಡುಗಡೆಯಾದಾಗ 49,980 ಯೆನ್ ಇದ್ದದ್ದರಲ್ಲಿ ಜಪಾನಿ ಭಾಷೆ ಮಾತ್ರ, ಜಪಾನಿನ ಅಕೌಂಟ್ ಮಾತ್ರ. ಎಲ್ಲ ಭಾಷೆಯದ್ದಕ್ಕೆ ಆಗ 69,980 ಯೆನ್ ಇಟ್ಟಿದ್ದರು. ಅಗ್ಗ ಅಂತ ನೀವು ಕೇಳಿರುವುದು ಮೊದಲನೆಯದು.

ಒಂದು ಮಾತು ಕೇಳದೆಯೇ ಹೇಳುತ್ತೇನೆ. ಸ್ವಿಚ್‌ನಲ್ಲಿ ಮಗನ ಸೇವ್, ಅಂದರೆ ಆಟ ಎಲ್ಲಿಯವರೆಗೆ ಬಂದಿದೆ ಅನ್ನುವ ದಾಖಲೆ, ಮೆಮೊರಿ ಕಾರ್ಡ್‌ಗೆ ಹೋಗುವುದಿಲ್ಲ, ಮೆಷಿನ್ ಒಳಗೇ ಇರುತ್ತದೆ. ನೀರು ಬಿದ್ದು ಬೋರ್ಡ್ ಹೋದರೆ ಅದೂ ಹೋಯಿತು. ದುಡ್ಡು ಕಟ್ಟುವ ಆನ್‌ಲೈನ್ ಸದಸ್ಯತ್ವ ತಗೊಂಡರೆ ಹೆಚ್ಚಿನ ಗೇಮ್‌ಗಳ ಸೇವ್ ಕ್ಲೌಡ್‌ಗೆ ಹೋಗುತ್ತದೆ. ಡಿಸ್ಕ್, ಕ್ಯಾಸೆಟ್ ಮತ್ತೆ ಕೊಳ್ಳಬಹುದು. ಮಗು ಎರಡು ವರ್ಷ ಆಡಿದ್ದನ್ನು ಎಲ್ಲಿ ಕೊಳ್ಳುವುದು?

ಪ್ರಶ್ನೆ (ಹುಬ್ಬಳ್ಳಿಯಿಂದ): ಸರ್ರ, 2004ರ ಸುಮಾರಿಗೆ ಕೊಂಡ ಅಸಲಿ ಪಿಸಿ ಗೇಮ್ ಸಿಡಿ ವಿಂಡೋಸ್ 10ರಾಗ ನಡೀವಲ್ದು. ಸಿಡಿ ಛಲೋ ಐತಿ.

ಉತ್ತರ: ಸಿಡಿ ಚೆನ್ನಾಗಿದ್ದರೆ ಅದರ ಬೀಗದ ಮೇಲೇ ನನ್ನ ಅನುಮಾನ. ಆಗಿನ ಎಷ್ಟೋ ಗೇಮ್‌ಗಳಿಗೆ ಸೇಫ್‌ಡಿಸ್ಕ್ ಅನ್ನುವ ರಕ್ಷಣೆ ಇತ್ತು. ಅದು ವಿಂಡೋಸ್ ಒಳಗೆ ತನ್ನದೇ ಡ್ರೈವರ್ ಇಟ್ಟುಕೊಂಡು ಸಿಡಿ ಅಸಲಿಯೇ ಅಂತ ನೋಡುತ್ತಿತ್ತು. ಆ ಡ್ರೈವರ್‌ನಿಂದ ಕಂಪ್ಯೂಟರ್ ಭದ್ರತೆಗೆ ಅಪಾಯ ಅಂತ 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಕೊಂಡವರ ಗೇಮ್ ಅಲ್ಲಿಗೆ ನಿಂತುಹೋಯಿತು. ಸಿಕ್ಕ ಸಿಕ್ಕ ಕಡೆಯಿಂದ ಬೀಗ ಮುರಿದ ಕ್ರ್ಯಾಕ್ ಫೈಲ್ ಇಳಿಸಬೇಡಿ, ವೈರಸ್ ಹತ್ತಿಸಿಕೊಂಡು ಬಂದವರನ್ನು ಜಾಸ್ತಿ ನೋಡಿದ್ದೇನೆ. ಜಿಒಜಿ ಅನ್ನುವ ಅಂಗಡಿ ಹಳೆ ಗೇಮ್‌ಗಳನ್ನು ಬೀಗವಿಲ್ಲದೆ ಮಾರುತ್ತದೆ. ನಿಮ್ಮದು ಅಲ್ಲಿದೆಯಾ ನೋಡಿ. ಇಲ್ಲದಿದ್ದರೆ ಹಳೆ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಒಂದನ್ನು ಇಂಟರ್ನೆಟ್‌ಗೆ ಜೋಡಿಸದೆ ಇದಕ್ಕೇ ಇಟ್ಟುಕೊಳ್ಳಿ.

ಪ್ರಶ್ನೆ (ಮಂಗಳೂರಿನಿಂದ): ಅಣ್ಣ, ನಮ್ಮ ಅಣ್ಣನದ್ದು ಒಂದು ಗೇಮ್ ಬಾಯ್ ಇದೆ, ಪೋಕೆಮಾನ್ ಗೋಲ್ಡ್ ಕ್ಯಾಸೆಟ್. ಅವನು ಈಗ ಇಲ್ಲ. ಆನ್ ಮಾಡಿದರೆ ಅವನ ಹೆಸರಿನ ಸೇವ್ ಇನ್ನೂ ಬರುತ್ತದೆ. ಬ್ಯಾಟರಿ ಬದಲಾಯಿಸಬೇಕು ಅಂತ ಒಬ್ಬರು ಹೇಳಿದರು. ಬದಲಾಯಿಸಲಾ?

ಉತ್ತರ: ದಯವಿಟ್ಟು ಯಾರಿಗೂ ಬಿಚ್ಚಲು ಕೊಡಬೇಡಿ. ಆ ಸೇವ್ ಉಳಿದಿರುವುದೇ ಒಳಗಿನ ಬ್ಯಾಟರಿಯಿಂದ. ಅದನ್ನು ಕಿತ್ತ ಕ್ಷಣ ಎಲ್ಲ ಅಳಿಸಿಹೋಗುತ್ತದೆ. ಒಬ್ಬರ ಕ್ಯಾಸೆಟ್‌ಗೆ ಬೇರೆ ಕಡೆ ಹೀಗೆ ಆದದ್ದನ್ನು ನೋಡಿದ್ದೇನೆ, ಹೊಸ ಬ್ಯಾಟರಿ ಇತ್ತು, ಒಳಗೆ ಏನೂ ಇರಲಿಲ್ಲ.

ಆಮೇಲೆ ಬಾಯಿಂದ ಊದಬೇಡಿ. ಮೊದಲ ಗೇಮ್ ಬಾಯ್‌ನಲ್ಲಿ ಕೆಲವೊಮ್ಮೆ ನಿಂಟೆಂಡೊ ಹೆಸರಿನ ಬದಲು ಕಪ್ಪು ಪಟ್ಟಿ ಬಂದು ನಿಲ್ಲುತ್ತದಲ್ಲ, ಅದು ಅದರ ಬೀಗ. ಕ್ಯಾಸೆಟ್ ಒಳಗಿನ ಹೆಸರನ್ನು ತನ್ನೊಳಗಿನ ಹೆಸರಿನ ಜೊತೆ ತಾಳೆ ನೋಡುತ್ತದೆ. ಪಿನ್ ಕೊಳೆಯಾಗಿದ್ದರೆ ತಾಳೆಯಾಗುವುದಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಒಣಗಲು ಬಿಡಿ, ಸಾಕು.

ಕ್ಯಾಸೆಟ್ ತನ್ನಿ. ಮೊದಲು ಕ್ಯಾಸೆಟ್ ರೀಡರ್‌ಗೆ ಹಾಕಿ ಸೇವ್ ಓದಿಕೊಳ್ಳುತ್ತೇನೆ. ಬರೀ 32 ಕಿಲೋಬೈಟ್, ಒಂದು ಫೋಟೋದಷ್ಟೂ ಇಲ್ಲ. ಎರಡು ಸಲ ಓದಿ, ಎರಡೂ ಒಂದೇ ಇದೆಯಾ ಅಂತ ತಾಳೆ ನೋಡುತ್ತೇನೆ. ನಿಮ್ಮ ಪೆನ್‌ಡ್ರೈವ್‌ಗೆ ಒಂದು, ಮೇಲ್‌ಗೆ ಒಂದು ಹಾಕಿಕೊಡುತ್ತೇನೆ. ಆಮೇಲೆ ಹಳೆ ಸಿಆರ್2025 ಬ್ಯಾಟರಿ ತೆಗೆದು, ಕಾಲು ಬೆಸೆದಿರುವ ಹೊಸದನ್ನು ಸೋಲ್ಡರ್ ಮಾಡಿ, ಸೇವ್ ವಾಪಸ್ ಬರೆಯುತ್ತೇನೆ. ಅರ್ಧ ಗಂಟೆಯ ಕೆಲಸ. ಇದಕ್ಕೆ ದುಡ್ಡು ಬೇಡ. ಭಾನುವಾರ ಬಿಟ್ಟು ಯಾವತ್ತು ಬೇಕಾದರೂ ಬನ್ನಿ, ಕೊರಿಯರ್ ಮಾಡಬೇಡಿ, ಕೈಯಲ್ಲೇ ಹಿಡಿದುಕೊಂಡು ಬನ್ನಿ. ಅಲ್ಲಿಯವರೆಗೆ ಆನ್ ಮಾಡಿ ನೋಡುವುದಾದರೆ ನೋಡಿ, ಹೊಸ ಗೇಮ್ ಅನ್ನುವುದನ್ನು ಮಾತ್ರ ಒತ್ತಬೇಡಿ.

ಅವರೇ: ಗುರುವಾರ ಬರ್ತೇನೆ ಅಣ್ಣ. ಅಮ್ಮನೂ ಬರುತ್ತಾರಂತೆ.

ಉತ್ತರ: ಬನ್ನಿ. ಅಮ್ಮನಿಗೂ ಪರದೆ ಮೇಲೆ ತೋರಿಸಿಯೇ ಬ್ಯಾಟರಿ ತೆಗೆಯೋಣ.