ದೊಡ್ಡಪ್ಪನ ಪ್ಯಾರಾಪೆಟ್ ಮೊಳೆ

ನಮ್ಮ ಕುಟುಂಬದ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಹೂವಿನ ಚಿತ್ರಗಳ ಹೊತ್ತು. ಅದು ಮುಗಿಯುತ್ತಿದ್ದ ಹಾಗೆ ಶ್ರೀಧರ ಚಿಕ್ಕಪ್ಪ ಒಂದು ಫಾರ್ವರ್ಡ್ ತಳ್ಳಿದರು. ನೆತ್ತಿಯ ಮೇಲೆ ಜೋಡಿ ಬಾಣ. ಅಂದರೆ ಆಗಲೇ ಊರೆಲ್ಲ ಸುತ್ತಿ ಬಂದ ಮಾಲು.

“ಎಚ್ಚರ!! ಕ್ಯಾಲಿಫೋರ್ನಿಯಾದಲ್ಲಿ ನಗರಸಭೆಗಳ ಕೈಯಿಂದ ಕೇಬಲ್ ಟಿವಿ ಅಧಿಕಾರ ಕಿತ್ತುಕೊಂಡ ಸರ್ಕಾರ! ಲೋಕಲ್ ಚಾನೆಲ್ ಬಂದ್! ಪ್ರತಿ ಮನೆಗೂ 5% ಹೊಸ ತೆರಿಗೆ! ಮಕ್ಕಳು ಅಲ್ಲಿದ್ದರೆ ತಕ್ಷಣ ತಿಳಿಸಿ!!”

ಅದರ ಕೆಳಗೆ ಅವರದ್ದೇ ಒಂದು ಸಾಲು: ಪವನ, ಬಿಲ್ ಚೆಕ್ ಮಾಡು.

ಪವನ ಚಿಕ್ಕಪ್ಪನ ಮಗ, ಇರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅವನು ಈ ಗುಂಪನ್ನ ಮ್ಯೂಟ್ ಮಾಡಿ ಎರಡು ವರ್ಷ ಆಯಿತು. ಉತ್ತರ ಬಂದದ್ದು ಸ್ಯಾನ್ ಹೋಸೆಯ ಸುಮಕ್ಕನಿಂದ. ದೊಡ್ಡಪ್ಪನ ಮಗಳು, ಗುಂಪಿನ ಖಾಯಂ ಪೊಲೀಸು.

ಸುಮಕ್ಕ: ಚಿಕ್ಕಪ್ಪ, ಎಲ್ಲಿಂದ ಬಂತು ಇದು? ಲಿಂಕ್ ಇದೆಯಾ?

ಚಿಕ್ಕಪ್ಪ: ನಮ್ಮ ವಾಕಿಂಗ್ ಗ್ರೂಪಲ್ಲಿ. ಅದರಲ್ಲಿ ರಿಟೈರ್ಡ್ ಜಡ್ಜ್ ಒಬ್ಬರಿದ್ದಾರೆ.

ಸುಮಕ್ಕ: ಜಡ್ಜ್ ಕಳಿಸಿದ್ರಾ?

ಚಿಕ್ಕಪ್ಪ: ಇಲ್ಲ. ಆದ್ರೆ ಗ್ರೂಪಲ್ಲಿದ್ದಾರೆ.

ಆಮೇಲೆ ಎಂಟು ನಿಮಿಷ ‘ಸುಮಾ ಟೈಪಿಂಗ್’. ಅಷ್ಟು ಹೊತ್ತು ಅವಳು ಟೈಪ್ ಮಾಡಿದಾಗೆಲ್ಲ ನಮ್ಮಲ್ಲಿ ಯಾರಾದರೂ ಒಬ್ಬರು ಗುಂಪು ಬಿಟ್ಟಿದ್ದುಂಟು.

ಸುಮಕ್ಕ: ಇದು 2006ರ ಕಾನೂನು, ಶ್ವಾರ್ಜಿನೆಗರ್ ಗವರ್ನರ್ ಆಗಿದ್ದಾಗಿನದು. ಮುಂಚೆ ಕೇಬಲ್ ಕಂಪನಿ ಊರೂರಿನ ಸಿಟಿ ಕೌನ್ಸಿಲ್ ಹತ್ರ ಹೋಗಿ ಫ್ರಾಂಚೈಸ್ ತಗೋಬೇಕಿತ್ತು. ನಿಮ್ಮ ರಸ್ತೇಲಿ ವೈರ್ ಎಳೀತೀವಿ, ಬದಲಿಗೆ ಇಷ್ಟು ಕೊಡ್ತೀವಿ ಅಂತ ಕರಾರು. ಫೋನ್ ಕಂಪನಿಗಳಿಗೂ ಟಿವಿ ಕೊಡೋ ಆಸೆ ಬಂತು ನೋಡಿ, ಒಂದೊಂದೂರಿನ ಬಾಗಿಲು ತಟ್ಟೋಕೆ ನಮ್ಮ ಕೈಲಾಗಲ್ಲ ಅಂದ್ರು. 2005ರಲ್ಲಿ ಟೆಕ್ಸಾಸ್, ಮುಂದಿನ ವರ್ಷ ನಾವು: ಇನ್ಮೇಲೆ ಫ್ರಾಂಚೈಸ್ ಕೊಡೋದು ರಾಜ್ಯ. ಪೈಪೋಟಿ ಬಂದ್ರೆ ರೇಟ್ ಇಳಿಯತ್ತೆ ಅನ್ನೋ ಲೆಕ್ಕ. 5% ಹೊಸ ತೆರಿಗೆ ಅಲ್ಲವೇ ಅಲ್ಲ. 1984ರಿಂದ ಅಮೆರಿಕಕ್ಕೆಲ್ಲ ಇರೋ ಮಿತಿ. ಕಂಪನಿ ತನ್ನ ಕೇಬಲ್ ಆದಾಯದಲ್ಲಿ ಊರಿಗೆ ಕೊಡೋ ಬಾಡಿಗೆ.

ಚಿಕ್ಕಪ್ಪ: ಕಂಪನಿ ಅದನ್ನ ಯಾರ ಹತ್ರ ವಸೂಲಿ ಮಾಡತ್ತೆ?

ಸುಮಕ್ಕ: ಬಿಲ್ಲಲ್ಲೇ ಹಾಕ್ತಾರೆ.

ಚಿಕ್ಕಪ್ಪ: ನಾನು ಹೇಳಿದ್ದೂ ಅದೇ.

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ದೊಡ್ಡಪ್ಪ ಆನ್‌ಲೈನ್ ಬಂದರು. ನಗರಪಾಲಿಕೆಯ ಕಂದಾಯ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದವರು. ಅಮೆರಿಕವೋ ಅರಸೀಕೆರೆಯೋ, ಪಾಲಿಕೆಯನ್ನ ಅಂದರೆ ತಮ್ಮನ್ನೇ ಅಂದ ಹಾಗೆ.

ದೊಡ್ಡಪ್ಪ: ಸ್ಥಳೀಯ ಸಂಸ್ಥೆ ಮನೆಯ ಹಿರಿಯನಿದ್ದಂತೆ. ಹಿರಿಯನನ್ನು ಕೇಳದೆ ಮೇಲಿನವರು ತೀರ್ಮಾನ ಮಾಡಿದರೆ ಮನೆ ಉಳಿಯುವುದಿಲ್ಲ. ಗುಂಡಿ ಬಿದ್ದರೆ ಜನ ಬೈಯುವುದು ಯಾರನ್ನು? ನಮ್ಮನ್ನು. ಅಗೆಯಲು ಅಪ್ಪಣೆ ಕೊಡುವವರು ಮಾತ್ರ ಬೇರೆಯವರೋ?

ಸಾವಿತ್ರಿ ಅತ್ತೆ ಕೈಮುಗಿದರು. ಅವರು ಎಲ್ಲದಕ್ಕೂ ಕೈಮುಗಿಯುತ್ತಾರೆ, ಒಮ್ಮೆ ಸಾವಿನ ಸುದ್ದಿಗೆ ಕೇಕನ್ನೂ ಹಾಕಿದ್ದಾರೆ.

ಸುಮಕ್ಕ: ಅಪ್ಪ ಹೇಳಿದ್ದು ಸರಿ. ಊರುಗಳ ತಕರಾರೂ ಅದೇ ಆಗಿತ್ತು. ಬಡವರ ಬೀದಿ ಬಿಟ್ಟು ದುಡ್ಡಿದ್ದವರ ಬೀದಿಗೆ ಮೊದಲು ವೈರ್ ಎಳೆದ್ರೆ ನಾವು ಕೇಳೋ ಹಾಗಿಲ್ವಾ ಅಂತ. ಲೋಕಲ್ ಚಾನೆಲ್ ವಿಷಯ ಪೂರ್ತಿ ಸುಳ್ಳಲ್ಲ. ನಮ್ಮೂರಿನ ಕೇಬಲ್ ಸ್ಟುಡಿಯೋದಲ್ಲಿ 2003ರಲ್ಲಿ ಯುಗಾದಿ ಕಾರ್ಯಕ್ರಮ ರೆಕಾರ್ಡ್ ಮಾಡಿದ್ವಿ. ನೀಲಿ ಪರದೆ, ಬಾಡಿಗೆ ಇಲ್ಲ, ಕ್ಯಾಮೆರಾ ಹಿಡಿದಿದ್ದವರು ಒಬ್ಬ ಅಜ್ಜಿ. ಹೊಸ ಕಾನೂನು ಬಂದ ಮೇಲೆ ಸ್ಟುಡಿಯೋ ನಡೆಸೋ ಹೊಣೆ ಕಂಪನಿಗೆ ತಪ್ಪಿತು, ಬೀಗ ಬಿತ್ತು. ಅಂಥ ಚಾನೆಲ್‌ಗಳಿಗೆ ಅಂತ ಊರು ಇನ್ನೂ 1% ಕೇಳಬಹುದು, ಆದ್ರೆ ಅದರಲ್ಲಿ ಕ್ಯಾಮೆರಾ ಕೊಳ್ಳಬಹುದು, ಕ್ಯಾಮೆರಾ ಹಿಡಿಯೋರಿಗೆ ಸಂಬಳ ಕೊಡೋ ಹಾಗಿಲ್ಲ. ಫೋನ್ ಕಂಪನಿ ಎಟಿ ಅಂಡ್ ಟಿ ಅಂತೂ ಆ ಚಾನೆಲ್‌ಗಳನ್ನೆಲ್ಲ 99ನೇ ನಂಬರಿನ ಒಂದು ಮೆನು ಒಳಗೆ ತುಂಬಿತು.

ಇಡೀ ಬೆಳಿಗ್ಗೆ ಓದುವಂಥ ಮಾತು ಬಂದದ್ದು ಇದೊಂದೇ. ಓದಿದವನು ಬಹುಶಃ ನಾನೊಬ್ಬನೇ. ಯಾಕೆಂದರೆ ಅತ್ತೆಯ ಮಗ ರಘುವಿಗೆ ‘ಕೇಬಲ್’ ಅನ್ನೋ ಒಂದು ಪದ ಸಾಕಾಗಿತ್ತು.

ರಘು: ಸರಸ್ವತಿಪುರಂ ಮನೆ ತಾರಸಿ ನೆನಪಿದೆಯಾ ಯಾರಿಗಾದ್ರೂ? ಆಂಟೆನಾ ತಿರುಗಿಸೋದು, ಕೆಳಗಿಂದ ‘ಬಂತು ಬಂತು, ಹೋಯ್ತು’ ಅಂತ ಕೂಗೋದು. ಆಮೇಲೆ ಕೇಬಲ್ ಬಂತು, ಉದಯ ಟಿವಿ ಬಂತು. ದೊಡ್ಡ ಮಾವನ ಮನೇಲಿ ಕ್ಲಿಯರ್, ಪಕ್ಕದಲ್ಲಿ ಶ್ರೀಧರ ಮಾವನ ಮನೇಲಿ ಬರೀ ಚುಕ್ಕಿ, ಹಹಹ.

ಚಿಕ್ಕಪ್ಪ: ಚುಕ್ಕಿ ಯಾಕೆ ಬರ್ತಿತ್ತು ಅಂತ ನಿಮ್ಮ ದೊಡ್ಡ ಮಾವನ್ನೇ ಕೇಳು.

ದೊಡ್ಡಪ್ಪ: ಒಂದು ಕನೆಕ್ಷನ್ನಿಗೆ ಸ್ಪ್ಲಿಟರ್ ಹಾಕಿ ಎರಡು ಮನೆ ನೋಡಿದರೆ ಚುಕ್ಕಿ ಬರದೆ ನಕ್ಷತ್ರ ಬರುತ್ತದೆಯೇ?

ಚಿಕ್ಕಪ್ಪ: ಅದಕ್ಕೆ ತಿಂಗಳಿಗೆ ಐವತ್ತು ರೂಪಾಯಿ ಇಸ್ಕೋತಿದ್ದೆ ಅಣ್ಣ. ನಿನಗೆ ಕನೆಕ್ಷನ್ ಫ್ರೀ ಇತ್ತು.

ಗುಂಪು ಗಪ್‌ಚಿಪ್. ಇದು ನನಗೂ ಹೊಸ ಸುದ್ದಿ. ನಾನು ಫೋನ್ ಚಾರ್ಜಿಗೆ ಹಾಕಿ ಅಲ್ಲೇ ನಿಂತೆ.

ದೊಡ್ಡಪ್ಪ: ಕೇಬಲ್‌ನವನು ನಮ್ಮ ಪ್ಯಾರಾಪೆಟ್ಟಿಗೆ ಮೊಳೆ ಹೊಡೆದು ಇಡೀ ಕ್ರಾಸಿಗೆ ವೈರ್ ಎಳೆದಿದ್ದ. ಜಾಗ ಕೊಟ್ಟಿದ್ದಕ್ಕೆ ಕನೆಕ್ಷನ್ ಕೊಟ್ಟ. ಅದು ಫ್ರೀ ಅಲ್ಲ, ಬಾಡಿಗೆ.

ಚಿಕ್ಕಪ್ಪ: ಆ ಬಾಡಿಗೆಯ ಮೇಲೆ ನನ್ನ ಹತ್ರ ಇನ್ನೊಂದು ಬಾಡಿಗೆ.

ದೊಡ್ಡಪ್ಪ: ಎರಡನೇ ಕೇಬಲ್‌ನವನು ಬಂದಾಗ ಇಪ್ಪತ್ತು ರೂಪಾಯಿ ಕಡಿಮೆ ಅಂತ ಮೊದಲು ಓಡಿದವನು ಯಾರು? ಅವನು ಯಾರನ್ನೂ ಕೇಳದೆ ಕರೆಂಟ್ ಕಂಬಕ್ಕೆ ವೈರ್ ಸುತ್ತಿದ. ಕ್ರಾಸಿನವರೆಲ್ಲ ಅವನ ಹಿಂದೆ ಹೋದರು. ಮೊದಲಿನವನು ನಮ್ಮ ಕನೆಕ್ಷನ್ ಕಿತ್ತುಕೊಂಡು ಹೋದ.

ಸುಮಕ್ಕ: ಅಪ್ಪ, ಹಂಗಾದ್ರೆ ನಿಮ್ಮದು ಕ್ಯಾಲಿಫೋರ್ನಿಯಾದ ಕಥೇನೇ! 2019ರಲ್ಲಿ ಎಫ್‌ಸಿಸಿ, ಅಂದ್ರೆ ಇಲ್ಲಿ ಫೋನು-ಕೇಬಲ್ ನೋಡ್ಕೊಳ್ಳೋ ಕೇಂದ್ರದ ಆಯೋಗ, ಊರುಗಳಿಗೆ ಹೇಳಿದ್ದೂ ಇದೇ ಥರ. ಆಫೀಸಿಗೆ, ಸ್ಕೂಲಿಗೆ ಪುಕ್ಕಟೆ ಕನೆಕ್ಷನ್ ಇಸ್ಕೊಂಡಿದ್ರೆ ಅದಕ್ಕೂ ಬೆಲೆ ಕಟ್ಟಿ 5%ರಲ್ಲೇ ಕಳೀರಿ ಅಂತ. ಊರುಗಳು ಕೋರ್ಟಿಗೆ ಹೋದವು.

ದೊಡ್ಡಪ್ಪ: ಅಂದರೆ ಮಗಳಾಗಿ ನೀನೂ ನನ್ನ ಫ್ರೀ ಕನೆಕ್ಷನ್ ಲೆಕ್ಕ ಕೇಳುತ್ತಿದ್ದೀಯಾ?

ಸುಮಕ್ಕ: ಅಯ್ಯೋ, ನಾನು ಹೇಳಿದ್ದು ಎಫ್‌ಸಿಸಿ ವಿಷಯ.

ದೊಡ್ಡಪ್ಪ: ಅವರು ಯಾರೇ ಆಗಿರಲಿ.

ಸಾವಿತ್ರಿ ಅತ್ತೆ: ಶ್ರೀಧರಣ್ಣ, ಅಮ್ಮ ಆಗ ನಿಮ್ಮನೇಲಿದ್ರು. ಐವತ್ತು ರೂಪಾಯಿ ಕೊಡ್ತಿದ್ದದ್ದು ನೀನಲ್ಲ, ಅಮ್ಮ. ಪೆನ್ಷನ್ ದುಡ್ಡಲ್ಲಿ.

ಚಿಕ್ಕಪ್ಪ ಒಂದು ಸಂದೇಶ ಹಾಕಿ ಅಳಿಸಿದರು. ಇನ್ನೊಂದು ಹಾಕಿ ಅದನ್ನೂ ಅಳಿಸಿದರು. ಅಡ್ಮಿನ್ ಅನ್ನೋ ನೆಪದಲ್ಲಿ ನಾನು ‘ಎಲ್ಲರದ್ದೂ ತಿಂಡಿ ಆಯ್ತಾ’ ಅಂತ ಕೇಳಿದೆ. ಯಾರೂ ಕಣ್ಣೆತ್ತಿ ನೋಡಲಿಲ್ಲ.

ಹನ್ನೊಂದೂವರೆಗೆ ಪವನ ಬಂದ. ಬಹುಶಃ ಅವನ ಅಮ್ಮ ಫೋನ್ ಮಾಡಿ ಎಬ್ಬಿಸಿರಬೇಕು.

ಪವನ: ಅಪ್ಪ, ನಮ್ಮನೇಲಿ ಕೇಬಲ್ಲೇ ಇಲ್ಲ. ಬರೀ ಇಂಟರ್ನೆಟ್. ಅದಕ್ಕೆ ಆ 5% ಬರಲ್ಲ. ಗುಡ್ ನೈಟ್.

ಮಧ್ಯಾಹ್ನ ಊಟವಾದ ಮೇಲೆ ದೊಡ್ಡಪ್ಪನಿಂದ ಒಂದು ಫೋಟೋ. ತಾರಸಿಗೆ ಹತ್ತಿ ತೆಗೆದದ್ದು, ಅವರ ಹೆಬ್ಬೆರಳೂ ಬಿದ್ದಿದೆ. ಪ್ಯಾರಾಪೆಟ್ಟಿನ ಗಾರೆಯಲ್ಲಿ ತುಕ್ಕು ಹಿಡಿದ ಮೊಳೆ, ಅದಕ್ಕೆ ಎರಡು ಸುತ್ತು ಹಾಕಿ ಗೇಣುದ್ದ ಬಿಟ್ಟ ಕಪ್ಪು ವೈರು. ತುದಿಯಲ್ಲಿ ತಾಮ್ರ ಹಸಿರಾಗಿದೆ. ಮಾತೊಂದೂ ಬರೆದಿರಲಿಲ್ಲ.

ಚಿಕ್ಕಪ್ಪ: ಎಡಗಡೆ ತಿರುಗಿರೋದು ನಮ್ಮನೆಗೆ ಬರ್ತಿದ್ದ ವೈರಾ ಅಣ್ಣ?

ಎರಡು ನೀಲಿ ಗೆರೆ ಬಿದ್ದಿವೆ.