ಮೀಟರ್‌ನಲ್ಲಿ ಕೆಂಪು ದೀಪ ಹತ್ತಿದರೆ ದೆವ್ವ ಇದೆ ಅಂತಾನಾ?

ಮಲ್ಲೇಶ್ವರದಲ್ಲಿ ನಮ್ಮಜ್ಜಿಯ ಹಳೇ ಮನೆ ಇದೆ. ಗೆಳೆಯರು ಇಎಂಎಫ್ ಮೀಟರ್ (ವಿದ್ಯುತ್ಕಾಂತೀಯ ಕ್ಷೇತ್ರ ಅಳೆಯೋ ಸಾಧನ, ದೆವ್ವ ಹುಡುಕೋರೂ ಬಳಸ್ತಾರೆ) ತಂದಿದ್ದರು, ಬಚ್ಚಲುಮನೆ ಗೋಡೆ ಹತ್ತಿರ ಹಿಡಿದಾಗಲೆಲ್ಲ ಕೆಂಪು ದೀಪ ಹತ್ತುತ್ತದೆ. ಅಲ್ಲಿ ನಿಂತರೆ ತಲೆ ಭಾರ, ಹಿಂದೆ ಯಾರೋ ಇದ್ದ ಹಾಗೆ. ಏನಿರಬಹುದು?

ಉತ್ತರ 1
ಗೋಡೆಯೊಳಗೆ ವೈರಿಂಗ್ ಇರುತ್ತೆ ಅಲ್ವಾ, ಆ ಮೀಟರ್ ಹಿಡಿಯೋದೇ ಅದನ್ನು. ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ನೋಡಿ. ನನಗೆ ಚಿಂತೆ ಆಗಿದ್ದು ತಲೆ ಭಾರದ ವಿಷಯ. ಗ್ಯಾಸ್ ಗೀಸರ್ ಇದೆಯಾ? ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ಬರುತ್ತೆ, ಅದರಿಂದ ತಲೆ ಭಾರ ಆಗುತ್ತೆ, ಅದಕ್ಕೆ ವಾಸನೆಯೇ ಇಲ್ಲ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯರ ಪತ್ರಿಕೆಯೊಂದರಲ್ಲಿ ಒಂದು ಕುಟುಂಬದ ವಿಷಯ ಬಂದಿತ್ತು: ಮನೆಯಲ್ಲಿ ಹೆಜ್ಜೆ ಸಪ್ಪಳ, ಅಪರಿಚಿತರ ಆಕೃತಿ, ಎಲ್ಲರಿಗೂ ತಲೆನೋವು. ಕೊನೆಗೆ ನೋಡಿದರೆ ಮನೆ ಬೆಚ್ಚಗಿಡೋ ಕೆಟ್ಟ ಕುಲುಮೆಯ ಹೊಗೆ ಮನೆಯೊಳಗೇ ಬರುತ್ತಿತ್ತು. ದಯವಿಟ್ಟು ಮೊದಲು ಕಿಟಕಿ ತೆಗೆದಿಡಿ, ಗೀಸರ್ ಮೆಕ್ಯಾನಿಕ್‌ಗೆ ತೋರಿಸಿ.

ಉತ್ತರ 2
ಫ್ಯಾನ್ ಕೂಡ ನೋಡಿ. ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿಗೆ ತಾನು ಕೆಲಸ ಮಾಡುತ್ತಿದ್ದ ಲ್ಯಾಬ್‌ನಲ್ಲಿ ಬೂದು ಬಣ್ಣದ ಆಕೃತಿ ಕಂಡಿತ್ತು. ಮಾರನೇ ದಿನ ವೈಸ್‌ಗೆ (ವಸ್ತು ಬಿಗಿದು ಹಿಡಿಯೋ ಸಾಧನ) ಸಿಕ್ಕಿಸಿದ್ದ ಕತ್ತಿ ತನ್ನಷ್ಟಕ್ಕೆ ನಡುಗಿತು. ಹೊಸ ಎಕ್ಸಾಸ್ಟ್ ಫ್ಯಾನ್‌ನಿಂದ ಸುಮಾರು 19 ಹರ್ಟ್ಸ್ ಕಂಪನ ಬರುತ್ತಿತ್ತು, ಕಿವಿಗೆ ಕೇಳಿಸದಷ್ಟು ಕೆಳಗಿನದು. ಆಕೃತಿ ಕಂಡಿದ್ದಕ್ಕೂ ಈ ಕಂಪನವೇ ಕಾರಣ ಇರಬಹುದು ಅಂತ 1998ರಲ್ಲಿ ಬರೆದು ಪ್ರಕಟಿಸಿದರು.

ಉತ್ತರ 3
ಇದೆಲ್ಲ ಸರಿ, ಆದರೆ ಕಥೆಗಳನ್ನು ಬಿಡಬೇಡಿ. 90ರ ದಶಕದಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿದ್ದರು. ರಾತ್ರಿ ಮನೆಯವರದೇ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತೆ ಅನ್ನೋ ನಂಬಿಕೆ. ಕರೆಂಟ್ ಹೋದಾಗ ಜಗಲಿ ಮೇಲೆ ಕೂತು, ದೊಡ್ಡವರ ಪಕ್ಕ ಒತ್ತಿಕೊಂಡು ಆ ಕಥೆ ಕೇಳೋ ಸುಖ ಬೇರೆಯೇ. ಅಜ್ಜಿಗೆ ಗೊತ್ತಿರೋದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ.